ಆರು ನಿಮಿಷದ ಪಾಠ: ನೋಡಿದ್ದೆಷ್ಟು, ಕಲಿತದ್ದೆಷ್ಟು?

(ಅಡ್ಡಹೆಸರಿನಲ್ಲಿ ಬರೆದವರ ನಡುವಿನ ಚರ್ಚೆ; ಪ್ರತಿ ಮಾತಿನ ಮೇಲೆ ಬರೆದವರ ಅಡ್ಡಹೆಸರಿದೆ.)

ಅಲೆಮಾರಿ ವಿದ್ಯಾರ್ಥಿ

ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ಕಲಿಯುವ ಮನಸ್ಸಿರುವವರಿಗೆ ಇವತ್ತು ತರಗತಿಯ ಹಂಗಿಲ್ಲ. ಐದಾರು ನಿಮಿಷದ ವಿಡಿಯೊ ಪಾಠ, ಅದರ ಕೆಳಗೆ ಒಂದಿಷ್ಟು ಅಭ್ಯಾಸದ ಪ್ರಶ್ನೆ, ಇಷ್ಟಿದ್ದರೆ ಸಾಕು. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ನಾನು ತ್ರಿಕೋನಮಿತಿ, ರಸಾಯನಶಾಸ್ತ್ರ, ಲೆಕ್ಕಪತ್ರ, ಖಗೋಳ, ಒಂದಿಷ್ಟು ವಿಶ್ವ ಇತಿಹಾಸ ಎಲ್ಲವನ್ನೂ ಹೀಗೆಯೇ ಓದುತ್ತಿದ್ದೇನೆ. ಒಂದು ಬೇಸರವಾದರೆ ಇನ್ನೊಂದಕ್ಕೆ ಹಾರುತ್ತೇನೆ. ಯಾರ ಅಪ್ಪಣೆಯೂ ಬೇಕಿಲ್ಲ.

ವಿಡಿಯೊಗಳಲ್ಲಿ ಉಚಿತವಾಗಿ ಪಾಠ ಹೇಳುವ ಜಾಲತಾಣ ಖಾನ್ ಅಕಾಡೆಮಿ ಹುಟ್ಟಿದ ಕಥೆಯನ್ನೇ ನೋಡಿ. ಸಲ್ಮಾನ್ ಖಾನ್ (ಚಿತ್ರನಟರಲ್ಲ, ಹೂಡಿಕೆ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದವರು) 2004ರಲ್ಲಿ ದೂರದಲ್ಲಿದ್ದ ಸಂಬಂಧಿಕರ ಹುಡುಗಿಗೆ ಗಣಿತ ಹೇಳಿಕೊಡಲು ತೊಡಗಿದರು. 2006ರಿಂದ ಪಾಠಗಳನ್ನು ಯೂಟ್ಯೂಬ್‌ಗೆ ಹಾಕಿದರು. ಆಗ ಅವರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ ಸಂಬಂಧಿಕರ ಮಕ್ಕಳು ಹೇಳಿದ್ದೇನೆಂದರೆ, ಎದುರಿಗಿರುವ ನಿಮಗಿಂತ ಯೂಟ್ಯೂಬ್‌ನಲ್ಲಿರುವ ನೀವೇ ವಾಸಿ. ಇದರಲ್ಲಿ ತಮಾಷೆಯಷ್ಟೇ ಅಲ್ಲ, ಸತ್ಯವೂ ಇದೆ. ಒಂದೇ ಮಾತನ್ನು ಐದು ಸಲ ಹೇಳಿಸಿಕೊಂಡರೂ ವಿಡಿಯೊ ಮುಖ ಸಿಂಡರಿಸುವುದಿಲ್ಲ. ತರಗತಿಯಲ್ಲಿ ಎರಡನೆಯ ಸಲ ಕೈ ಎತ್ತಲು ಎದೆ ಗಟ್ಟಿ ಬೇಕು.

ವಿರೋಧವಿದ್ದವರು ಬರಲಿ.

ಸೀಮೆಸುಣ್ಣ

ಬಂದೆ. ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ವಿಡಿಯೊಗಳನ್ನು ದ್ವೇಷಿಸುವವಳಲ್ಲ, ವಾರಕ್ಕೆರಡು ನಾನೇ ತೋರಿಸುತ್ತೇನೆ. ತೋರಿಸಿದ ಮೇಲೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ.

ಋತುಗಳು ಏಕೆ ಬದಲಾಗುತ್ತವೆ ಎಂಬುದರ ಮೇಲೆ ಒಂದು ಅಚ್ಚುಕಟ್ಟಾದ ವಿಡಿಯೊ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ, ಆದ್ದರಿಂದ ಬಿಸಿಲು ಬೀಳುವ ಕೋನ ಮತ್ತು ಹಗಲಿನ ಉದ್ದ ಬದಲಾಗುತ್ತವೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳು ತಲೆಯಾಡಿಸುತ್ತಾರೆ. "ಅರ್ಥವಾಯಿತೇ?" ಎಂದರೆ ಒಕ್ಕೊರಲಿನ "ಹೌದು". ಆಮೇಲೆ ಖಾಲಿ ಹಾಳೆ ಕೊಟ್ಟು ಚಿತ್ರ ಬರೆಯಲು ಹೇಳುತ್ತೇನೆ. ಹಾಳೆಯಲ್ಲಿ ಬರುವುದೇನು? ಮೊಟ್ಟೆಯಂತೆ ಎಳೆದ ಕಕ್ಷೆ, ಒಂದು ತುದಿಗೆ ಒತ್ತಿಕೊಂಡ ಸೂರ್ಯ, ಅದರ ಪಕ್ಕದ ಭೂಮಿಗೆ "ಬೇಸಿಗೆ", ಆಚೆ ತುದಿಯ ಭೂಮಿಗೆ "ಚಳಿಗಾಲ". ಭೂಮಿಗಳೆರಡೂ ಶಿಸ್ತಾಗಿ ವಾಲಿರುತ್ತವೆ! ವಾಲುವಿಕೆಯನ್ನು ವಿಡಿಯೊದಿಂದ ತೆಗೆದುಕೊಂಡಿದ್ದಾರೆ, ಕಾರಣವನ್ನು ಮಾತ್ರ ತಮ್ಮ ಹಳೆಯ ನಂಬಿಕೆಯಿಂದಲೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ (ಸುಮಾರು 14.7 ಕೋಟಿ ಕಿಲೋಮೀಟರ್), ಅತಿ ದೂರ ಹೋಗುವುದು ಜುಲೈ ಆರಂಭದಲ್ಲಿ (ಸುಮಾರು 15.2 ಕೋಟಿ) ಎಂದು ಹೇಳಿದಾಗಲೇ ಮುಖದಲ್ಲಿ ಗೊಂದಲ ಕಾಣುವುದು. ಉತ್ತರಾರ್ಧಗೋಳದ ಚಳಿಗಾಲದಲ್ಲೇ ಸೂರ್ಯ ಹತ್ತಿರ!

ಇನ್ನೊಂದು ವಿಚಿತ್ರ. ಆ ಮೊಟ್ಟೆಯಾಕಾರವನ್ನು ತಲೆಗೆ ತುಂಬುವುದೂ ಬಹುಪಾಲು ವಿಡಿಯೊ ಮತ್ತು ಪಠ್ಯಪುಸ್ತಕದ ಚಿತ್ರಗಳೇ. ಓರೆಯಿಂದ ನೋಡಿದಂತೆ ಬರೆಯುವುದರಿಂದ ಹೆಚ್ಚುಕಡಿಮೆ ವೃತ್ತವೇ ಆಗಿರುವ ಕಕ್ಷೆ ಚಪ್ಪಟೆಯಾಗಿ ಕಾಣುತ್ತದೆ.

ಎರಡುಪಟ್ಟು ವೇಗ

ಅದು ವಿಡಿಯೊದ ತಪ್ಪೋ, ಗಮನವಿಡದ ಮಕ್ಕಳ ತಪ್ಪೋ? ನಾನು ದ್ವಿತೀಯ ಪಿಯುಸಿ. ಎಲ್ಲ ಪಾಠವನ್ನೂ ಎರಡರಷ್ಟು ವೇಗದಲ್ಲಿ ನೋಡುತ್ತೇನೆ, ಅಂಕಗಳಿಗೇನೂ ಕೊರತೆಯಿಲ್ಲ. ಅರ್ಧ ಸಮಯ ಉಳಿಯುತ್ತದೆ. ಹೀಗೆ ಹೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆಂದೂ ಗೊತ್ತು.

ಹಳೆಯ ಓದುಗ

ಸಿಟ್ಟಲ್ಲ, ಮರುಕ. 1913ರಲ್ಲಿ ಥಾಮಸ್ ಎಡಿಸನ್ ಭವಿಷ್ಯ ನುಡಿದಿದ್ದರು: ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುತ್ತವೆ, ಎಲ್ಲವನ್ನೂ ಚಲನಚಿತ್ರವೇ ಕಲಿಸುತ್ತದೆ, ಹತ್ತು ವರ್ಷದಲ್ಲಿ ಶಾಲೆಯ ಸ್ವರೂಪವೇ ಬದಲಾಗುತ್ತದೆ. ಹತ್ತಲ್ಲ, ನೂರು ವರ್ಷ ಕಳೆಯಿತು. ಆಮೇಲೆ ರೇಡಿಯೊ ಬಂತು, ದೂರದರ್ಶನ ಬಂತು, ಪ್ರತಿಸಲವೂ ಇದೇ ಘೋಷಣೆ. ಅಲೆಮಾರಿಯವರ ಮಾತಿನಲ್ಲಿ ಹೊಸದೇನೂ ಕಾಣಲಿಲ್ಲ.

ಅಲೆಮಾರಿ ವಿದ್ಯಾರ್ಥಿ

ಎಡಿಸನ್ನರ ಚಲನಚಿತ್ರವನ್ನು ಹಿಂದಕ್ಕೆ ತಿರುಗಿಸಲು ವಿದ್ಯಾರ್ಥಿಗೆ ಆಗುತ್ತಿತ್ತೇ? ತಡೆದು ನಿಲ್ಲಿಸಲು? ರೇಡಿಯೊ ಪಾಠ ಹೋದರೆ ಹೋಯಿತು. ಇಲ್ಲಿ ಹಿಡಿತ ನನ್ನ ಬೆರಳಿನಲ್ಲಿದೆ. ಹೊಸದು ಅದೇ.

ಅಡಿಟಿಪ್ಪಣಿ

ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ, ಆದರೆ ಮೂರು ಮಾತುಗಳಿಗೆ ಆಧಾರವಿದೆ.

ವೇಗದ ಬಗ್ಗೆ ಹುಡುಗ ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರೀಕರಿಸಿದ ಉಪನ್ಯಾಸವನ್ನು ಎರಡರಷ್ಟು ವೇಗದವರೆಗೆ ನೋಡಿದವರ ಗ್ರಹಿಕೆಯಲ್ಲಿ ಹೇಳಿಕೊಳ್ಳುವಷ್ಟು ನಷ್ಟ ಕಂಡುಬರಲಿಲ್ಲ. ಎರಡೂವರೆಗೆ ಹೋದಾಗ ಅಂಕ ಕುಸಿಯಿತು. ಆದರೆ ಅಲ್ಲಿದ್ದುದು ಕೇಳಿ ನೆನಪಿಡುವ ವಿವರಣೆ, ಲೆಕ್ಕ ಬಿಡಿಸುವ ಕೆಲಸವಲ್ಲ.

ಈ "ಆರು ನಿಮಿಷ" ಎಲ್ಲಿಂದ ಬಂತು? 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಶಿಕ್ಷಣ ತಾಣದ ಕೋರ್ಸ್‌ಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಪ್ರಬಂಧವೊಂದು, ವಿಡಿಯೊ ಎಷ್ಟೇ ಉದ್ದವಿರಲಿ ಸಾಮಾನ್ಯ ವಿದ್ಯಾರ್ಥಿ ಅದರ ಮುಂದೆ ಕೂರುವುದು ಹೆಚ್ಚೆಂದರೆ ಆರು ನಿಮಿಷ ಎಂದು ತೋರಿಸಿತು. ಅಂದಿನಿಂದ ಎಲ್ಲರ ಬಾಯಲ್ಲೂ ಆರು. ಅವರು ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು. ಎಷ್ಟು ಕಲಿತರು ಎಂಬುದನ್ನಲ್ಲ. ಜನರ ತಾಳ್ಮೆಯ ಅಳತೆಯನ್ನು ಪಾಠದ ಅಳತೆ ಎಂದುಕೊಂಡು ಎಷ್ಟೋ ಮಂದಿ ನಡೆಯುತ್ತಿದ್ದಾರೆ.

ಸೀಮೆಸುಣ್ಣ ಅವರ ಖಾಲಿ ಹಾಳೆಗೂ ಒಂದು ಹಿನ್ನೆಲೆಯಿದೆ. ಯೂಟ್ಯೂಬ್‌ನ ವಿಜ್ಞಾನ ವಾಹಿನಿ ವೆರಿಟಾಸಿಯಂನ ಡೆರೆಕ್ ಮುಲ್ಲರ್ ಅವರ ಡಾಕ್ಟರೇಟ್ ಸಂಶೋಧನೆಯೇ ಭೌತಶಾಸ್ತ್ರದ ವಿಡಿಯೊಗಳ ಬಗ್ಗೆ. ತಿಳಿಯಾಗಿ, ನೇರವಾಗಿ ವಿವರಿಸಿದ ವಿಡಿಯೊ ನೋಡಿದವರು "ಚೆನ್ನಾಗಿದೆ, ಸುಲಭವಾಗಿದೆ" ಎಂದರು; ಪರೀಕ್ಷೆಯಲ್ಲಿ ಮೊದಲಿದ್ದಲ್ಲೇ ಇದ್ದರು. ಇಬ್ಬರು ಮಾತನಾಡುತ್ತ, ಸಾಮಾನ್ಯವಾದ ತಪ್ಪು ಕಲ್ಪನೆಯನ್ನು ಮೊದಲು ಹೇಳಿ ಆಮೇಲೆ ಅದನ್ನು ಕೆಡಹುವ ವಿಡಿಯೊ ನೋಡಿದವರು "ಗೊಂದಲವಾಯಿತು" ಎಂದರು. ಆದರೆ ಅಂಕ ಏರಿದ್ದು ಅವರದೇ.

ಸೀಮೆಸುಣ್ಣ

ಇದನ್ನೇ ಹೇಳಲು ನನಗೆ ಇಷ್ಟುದ್ದ ಬೇಕಾಯಿತು. ಸಲೀಸಾಗಿ ಇಳಿದ ಪಾಠದ ಬಗ್ಗೆ ನನಗೆ ಅನುಮಾನ ಹೆಚ್ಚು.

ತೆರೆಯ ಹಿಂದೆ

ನಾನು ಇಂಥ ವಿಡಿಯೊಗಳನ್ನು ತಯಾರಿಸುವವನು. ವಿಜ್ಞಾನ, ಭೂಗೋಳ, ಗಣಿತ, ಕೆಲವೊಮ್ಮೆ ಅರ್ಥಶಾಸ್ತ್ರ. ಒಳಗಿನ ಸಂಗತಿಯೊಂದನ್ನು ಹೇಳುತ್ತೇನೆ, ಬಯ್ಯುವವರು ಬಯ್ಯಿರಿ.

ಪ್ರತಿ ವಿಡಿಯೊಗೂ ಒಂದು ರೇಖಾಚಿತ್ರ ಬರುತ್ತದೆ. ಯಾವ ಕ್ಷಣದಲ್ಲಿ ನೂರಕ್ಕೆ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಎಂಬ ಗೆರೆ. "ಈಗ ವಿಡಿಯೊ ನಿಲ್ಲಿಸಿ, ನೀವೇ ಬಿಡಿಸಿ ನೋಡಿ" ಎಂದು ಹೇಳಿದ ಜಾಗದಲ್ಲಿ ಆ ಗೆರೆ ಬಾವಿಗೆ ಬಿದ್ದಂತೆ ಬೀಳುತ್ತದೆ. ನಿಲ್ಲಿಸಿದವರು ಹಿಂದಿರುಗುವುದಿಲ್ಲ, ನಿಲ್ಲಿಸದವರು ಮುಂದಕ್ಕೆ ಹಾರುತ್ತಾರೆ. ಗೆರೆ ಬಿದ್ದರೆ ವಿಡಿಯೊ ಇನ್ನೊಬ್ಬರ ಕಣ್ಣಿಗೆ ಬೀಳುವ ಸಾಧ್ಯತೆಯೂ ಇಳಿಯುತ್ತದೆ. ಆದ್ದರಿಂದ ಸಂಕಲನದಲ್ಲಿ ಆ ವಾಕ್ಯಕ್ಕೇ ಮೊದಲ ಕತ್ತರಿ. ಉಸಿರು ತೆಗೆದುಕೊಂಡ ಜಾಗಕ್ಕೆ ಎರಡನೆಯದು. ಕಲಿಸುವ ಕ್ಷಣ ಯಾವುದೋ ಅದೇ ನಮಗೆ ನಷ್ಟದ ಕ್ಷಣ.

ಇನ್ನೊಂದು: ಪುಸ್ತಕದಲ್ಲಿ ತಪ್ಪಿದ್ದರೆ ಮುಂದಿನ ಮುದ್ರಣದಲ್ಲಿ ತಿದ್ದುತ್ತಾರೆ. ಯೂಟ್ಯೂಬ್‌ಗೆ ಏರಿಸಿದ ವಿಡಿಯೊವನ್ನು ಅದೇ ವಿಳಾಸದಲ್ಲಿ ಬೇರೆಯದಾಗಿ ಬದಲಿಸಲು ಬರುವುದಿಲ್ಲ. ಒಂದು ತುಣುಕನ್ನು ಕತ್ತರಿಸಬಹುದು, ಇಲ್ಲವೇ ಕೆಳಗೆ ತಿದ್ದುಪಡಿ ಬರೆದು ಅಂಟಿಸಬಹುದು. ಅದನ್ನು ಓದುವವರು ಯಾರು?

ಅಲೆಮಾರಿ ವಿದ್ಯಾರ್ಥಿ

ಇದು ಜಾಹೀರಾತಿನಿಂದ ಬದುಕುವ ವಾಹಿನಿಗಳ ಕಥೆ. ಕ್ರಮವಾಗಿ ಜೋಡಿಸಿದ ಕೆಲವು ಆನ್‌ಲೈನ್ ಕೋರ್ಸ್‌ಗಳಲ್ಲಿ ಪ್ರಶ್ನೆಗೆ ಉತ್ತರಿಸದೆ ಮುಂದಿನ ಪಾಠ ತೆರೆಯುವುದೇ ಇಲ್ಲ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ.

ಅಡಿಟಿಪ್ಪಣಿ

ಕೋರ್ಸ್‌ಗಳ ಲೆಕ್ಕವೂ ಇದೆ. 2012ರಲ್ಲಿ ಕೋರ್ಸೆರಾ, ಯುಡಾಸಿಟಿ, ಎಡ್‌ಎಕ್ಸ್ ಈ ಮೂರೂ ಆನ್‌ಲೈನ್ ಕೋರ್ಸ್ ತಾಣಗಳು ಒಟ್ಟಿಗೇ ಎಂಬಂತೆ ತಲೆಯೆತ್ತಿದಾಗ ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು ಎಂದವರಿದ್ದರು. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸ್‌ಗಳನ್ನು ಪರಿಶೀಲಿಸಿದ ಲೇಖನ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017–18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಶೇಕಡಾ 3ರ ಆಸುಪಾಸು. ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಶೇಕಡಾ 46.

ಅಲೆಮಾರಿ ವಿದ್ಯಾರ್ಥಿ

ಮುಗಿಸುವುದೇ ಏಕೆ ಗುರಿಯಾಗಬೇಕು? ಲೆಕ್ಕಪತ್ರದ ಕೋರ್ಸಿಗೆ ನಾನು ಸೇರಿದ್ದು ಸವಕಳಿ (ಬಳಸುತ್ತ ಹೋದಂತೆ ಆಸ್ತಿಯ ಬೆಲೆ ಇಳಿಯುವುದು) ಎಂದರೇನೆಂದು ತಿಳಿಯಲು. ತಿಳಿಯಿತು, ಹೊರಬಂದೆ. ನಿಮ್ಮ ಲೆಕ್ಕದಲ್ಲಿ ನಾನು ಸೋತವನು. ನಿಘಂಟನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲಿಲ್ಲವೆಂದು ಯಾರಾದರೂ ಯಾರನ್ನಾದರೂ ಅನುತ್ತೀರ್ಣ ಮಾಡಿದ್ದಾರೆಯೇ?

ಸೀಮೆಸುಣ್ಣ

ನಿಘಂಟಿನ ಮಾತು ಚೆನ್ನಾಗಿದೆ. ಆದರೆ ಯಾವ ಪದ ಹುಡುಕಬೇಕೆಂದು ಗೊತ್ತಿರುವವರಿಗೆ ಮಾತ್ರ ನಿಘಂಟು ಪ್ರಯೋಜನಕ್ಕೆ ಬರುತ್ತದೆ. ನಿಮಗೆ ಸವಕಳಿ ಗೊತ್ತಿಲ್ಲವೆಂಬುದು ಗೊತ್ತಿತ್ತು. ಗೊತ್ತಿಲ್ಲದಿರುವುದೇ ಗೊತ್ತಿಲ್ಲದವರ ಗತಿಯೇನು? ಬೀಜಗಣಿತ ಬರುತ್ತಿಲ್ಲವೆಂದು ಒಬ್ಬ ಹುಡುಗ ಬೀಜಗಣಿತದ ಹತ್ತು ವಿಡಿಯೊ ನೋಡುತ್ತಾನೆ. ಅವನ ತೊಡಕು ಇರುವುದು ಭಿನ್ನರಾಶಿಯಲ್ಲಿ. ಅದನ್ನು ಹುಡುಕಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ. ಅವನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದದ್ದನ್ನು ಕಂಡವರಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ.

ನೀವು ತ್ರಿಕೋನಮಿತಿ ಓದಿದ್ದೀರಿ ಎಂದಿರಿ. ಯಾವುದನ್ನೂ ಹುಡುಕದೆ ಉತ್ತರಿಸಿ. ಲಂಬಕೋನ ತ್ರಿಭುಜದಲ್ಲಿ ಎದುರು ಬಾಹುವನ್ನು ಕರ್ಣದಿಂದ ಭಾಗಿಸಿದರೆ ಸೈನ್. ಆ ತ್ರಿಭುಜದೊಳಗೆ 150 ಡಿಗ್ರಿಯ ಕೋನ ಇರಲು ಸಾಧ್ಯವೇ ಇಲ್ಲ. ಹಾಗಿದ್ದರೆ ಸೈನ್ 150 ಎಂದರೇನು?

ಅಲೆಮಾರಿ ವಿದ್ಯಾರ್ಥಿ

ಬೆಲೆ ಅರ್ಧ. ಏಕೆ ಅರ್ಧ ಎಂದು ಕೇಳಿದರೆ... 180ರಿಂದ 150 ಕಳೆದರೆ 30, ಸೈನ್ 30 ಅರ್ಧ. ಸೂತ್ರ ಹಾಗಿದೆ.

ಸೀಮೆಸುಣ್ಣ

ನಾನು ಕೇಳಿದ್ದು ಬೆಲೆಯನ್ನಲ್ಲ.

ಎರಡುಪಟ್ಟು ವೇಗ

ಇದಕ್ಕೆ ನಾನು ಹೇಳುತ್ತೇನೆ. ತ್ರಿಭುಜವನ್ನು ಬಿಟ್ಟುಬಿಡಬೇಕು. ತ್ರಿಜ್ಯ 1 ಇರುವ ವೃತ್ತ ತೆಗೆದುಕೊಳ್ಳಿ. ಬಲತುದಿಯಿಂದ ಹೊರಟ ಬಿಂದು ಅಪ್ರದಕ್ಷಿಣವಾಗಿ 150 ಡಿಗ್ರಿ ತಿರುಗಿದಾಗ ನಡುಗೆರೆಯಿಂದ ಎಷ್ಟು ಎತ್ತರದಲ್ಲಿದೆಯೋ ಅದು ಸೈನ್ 150. ಎಡಗಡೆ ಬಂದಿದೆ, ಆದರೆ ಎತ್ತರ 30 ಡಿಗ್ರಿಯಲ್ಲಿದ್ದಷ್ಟೇ. ತ್ರಿಭುಜದ ವ್ಯಾಖ್ಯೆ ಇದರ ಒಂದು ಮೂಲೆ, ಅಷ್ಟೇ.

ಇದನ್ನು ನನಗೆ ಹೇಳಿಕೊಟ್ಟದ್ದು ಒಂದು ವಿಡಿಯೊ. ಬಿಂದು ವೃತ್ತದ ಮೇಲೆ ಸುತ್ತುತ್ತದೆ, ಅದರ ಎತ್ತರವನ್ನು ಪಕ್ಕದಲ್ಲಿ ಒಂದು ಗೆರೆ ಹಿಂಬಾಲಿಸುತ್ತದೆ, ಸುತ್ತು ಮುಗಿಯುವಷ್ಟರಲ್ಲಿ ಅಲೆ ಮೂಡಿರುತ್ತದೆ. ಅದರ ಕೆಳಗೇ ಬಿಂದುವನ್ನು ನಾವೇ ಎಳೆದು ನೋಡುವ ಪುಟವಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ವೃತ್ತ ಒಂದು ಪುಟದಲ್ಲಿದೆ, ಅಲೆ ಮೂರು ಪುಟದಾಚೆ. ಎರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ.

ಸೀಮೆಸುಣ್ಣ

ಶಹಬ್ಬಾಸ್. ಅಂಥದ್ದನ್ನೇ ನಾನೂ ತೋರಿಸುತ್ತೇನೆ. ಹಲಗೆಯ ಮೇಲೆ ಎಷ್ಟು ಸಲ ಅಳಿಸಿ ಬರೆದರೂ ಆ ಚಲನೆ ಬರುವುದಿಲ್ಲ. ಚಲಿಸುವುದನ್ನು ಚಲನೆಯಲ್ಲೇ ತೋರಿಸುವಾಗ ವಿಡಿಯೊಗೆ ಎದುರಿಲ್ಲ. ಆದರೆ ಒಂದು ಗಮನಿಸಿ: ಬಿಂದುವನ್ನು ನೀವೇ ಎಳೆದು ನೋಡಿದಿರಿ.

ರಾತ್ರಿಪಾಳಿ

ನಾನು ದಾದಿ. ರಾತ್ರಿ ಪಾಳಿಯ ಬಿಡುವಿನಲ್ಲಿ ಓದುವುದೆಲ್ಲ ಫೋನಿನಲ್ಲೇ, ಆದ್ದರಿಂದ ಅಲೆಮಾರಿಯವರ ಕಡೆಗೇ ಒಂದು ಹೆಜ್ಜೆ ಹೆಚ್ಚು ವಾಲುತ್ತೇನೆ. ಹೃದಯದ ಕವಾಟಗಳು ಯಾವಾಗ ತೆರೆದು ಯಾವಾಗ ಮುಚ್ಚುತ್ತವೆ ಎಂಬುದು ಪುಸ್ತಕದ ಬಾಣದ ಗುರುತುಗಳಿಂದ ನನ್ನ ತಲೆಗೆ ಹತ್ತಿರಲಿಲ್ಲ. ಚಲಿಸುವ ಚಿತ್ರ ನೋಡಿದಾಗ "ಲಬ್" ಮತ್ತು "ಡಬ್" ಎರಡೂ ಕವಾಟ ಮುಚ್ಚುವ ಸದ್ದು ಎಂದು ಮನಸ್ಸಿಗೆ ಅಂಟಿತು.

ಈಗ ಇನ್ನೊಂದು ಮುಖ. ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸುವ ವಿಡಿಯೊಗಳು ನೂರಾರಿವೆ. ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಒತ್ತಿಗೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ವಿಡಿಯೊ ನೋಡಿ ಬಂದವರು ಸಂಖ್ಯೆಗಳನ್ನು ಪಟಪಟನೆ ಹೇಳುತ್ತಾರೆ. ತರಬೇತಿಯ ಬೊಂಬೆಯ ಮೇಲೆ ಕೈಯಿಟ್ಟಾಗ ಲಯ ಸರಿಯಾಗಿಯೇ ಇರುತ್ತದೆ, ಆಳ ಬರುವುದಿಲ್ಲ. ಮೊಣಕೈ ಮಡಿಸಿ ತೋಳಿನ ಬಲದಿಂದ ಒತ್ತುತ್ತಾರೆ; ಭುಜವನ್ನು ಅಂಗೈಯ ನೇರಕ್ಕೆ ತಂದು ಇಡೀ ಮೈಭಾರ ಹಾಕಬೇಕು. ಎರಡು ನಿಮಿಷವಾಗುವಷ್ಟರಲ್ಲಿ ಏದುಸಿರು. ಆ ದಣಿವು ಯಾವ ವಿಡಿಯೊದಲ್ಲೂ ಇರುವುದಿಲ್ಲ, ಏಕೆಂದರೆ ಅಲ್ಲಿ ಒತ್ತುವವನು ಇಪ್ಪತ್ತು ಸೆಕೆಂಡಿಗೆ ನಿಲ್ಲಿಸುತ್ತಾನೆ.

ಆದರೂ ವಿಡಿಯೊ ಬೇಡ ಎನ್ನುವುದಿಲ್ಲ. ಏನೂ ನೋಡದವರು ಕೈಕಟ್ಟಿ ನಿಲ್ಲುತ್ತಾರೆ, ನೋಡಿದವರು ಕೈಯನ್ನಾದರೂ ಮುಂದೆ ಮಾಡುತ್ತಾರೆ.

ಅಡಿಟಿಪ್ಪಣಿ

ಇದಕ್ಕೆ ಹೊಂದುವ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಮೂನ್‌ವಾಕ್ ನೃತ್ಯ, ಗುರಿಹಲಗೆಗೆ ಬಾಣ ಎಸೆಯುವುದು ಇಂಥವನ್ನು ಕೆಲವರಿಗೆ ಒಮ್ಮೆ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ "ನನ್ನಿಂದ ಆಗುತ್ತದೆ" ಎಂಬ ಧೈರ್ಯ ಬೆಳೆಯಿತು, ಮಾಡಲು ಹೋದಾಗ ಕೌಶಲ ಬೆಳೆದಿರಲಿಲ್ಲ.

ಓದಿಗೂ ಇದೇ ಅನ್ವಯಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು, ಇನ್ನೊಂದು ಗುಂಪಿಗೆ ಒಮ್ಮೆ ಓದಿಸಿ, ನೆನಪಿರುವುದನ್ನು ಬರೆಯಿರಿ ಎಂದರು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದು: ಶೇಕಡಾ 81, ಬರೆದವರು 75. ಒಂದು ವಾರ ಬಿಟ್ಟು ಕೇಳಿದರೆ ಎರಡು ಸಲ ಓದಿದವರು 42ಕ್ಕೆ ಇಳಿದಿದ್ದರು, ಬರೆದವರು 56ರಲ್ಲಿದ್ದರು.

ಹಳೆಯ ಓದುಗ

ಇಷ್ಟು ಹೊತ್ತೂ ಗಣಿತ, ವಿಜ್ಞಾನ, ಕೈಕೆಲಸ. ಮಾನವಿಕ ವಿಷಯಗಳಿಗೆ ಯಾರೂ ಬರಲಿಲ್ಲ, ಅಲ್ಲಿ ಗಾಯ ಇನ್ನೂ ದೊಡ್ಡದು.

ಮೊದಲನೆಯ ಮಹಾಯುದ್ಧ ಹೇಗೆ ಶುರುವಾಯಿತು ಎಂಬ ಯಾವುದೇ ಕಿರು ವಿಡಿಯೊ ತೆಗೆಯಿರಿ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆ. ಮರುಕ್ಷಣ ಭೂಪಟದ ಮೇಲೆ ಕೆಂಪು ಬಾಣಗಳು ಸುಯ್ಯೆಂದು ಹಾರುತ್ತವೆ, ಒಂದರ ಹಿಂದೊಂದು ದೇಶ ಉರುಳುತ್ತದೆ, ಹಿನ್ನೆಲೆಯಲ್ಲಿ ನಗಾರಿ. ಆದರೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ. ನಡುವೆ ಒಂದು ತಿಂಗಳಿದೆಯಲ್ಲ! ಜುಲೈ ಮೊದಲ ವಾರದಲ್ಲಿ ಜರ್ಮನಿ ಬೆಂಬಲದ ಮಾತು ಕೊಟ್ಟಿತು. 23ರಂದು ಅಂತಿಮ ಎಚ್ಚರಿಕೆ ಹೋಯಿತು, 25ರಂದು ಸರ್ಬಿಯಾ ಬಹುಪಾಲು ಒಪ್ಪಿ ಉತ್ತರಿಸಿತು. ಬೇರೆ ದಾರಿ ಹಿಡಿಯಬಹುದಾಗಿದ್ದವರು ಯಾರು, ಏಕೆ ಹಿಡಿಯಲಿಲ್ಲ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುವುದು ಆ ತಿಂಗಳ ಬಗ್ಗೆಯೇ. ವಿಡಿಯೊ ಆ ತಿಂಗಳನ್ನು ಬಾಣದ ಬಾಲದೊಳಗೆ ಮುಚ್ಚಿಹಾಕಿತು. ನೋಡಿದವನಿಗೆ ಯುದ್ಧ ತಡೆಯಲಾಗದ್ದಾಗಿತ್ತು ಎಂಬ ಭಾವನೆ ಉಳಿಯಿತು. ಅವನಿಗೆ ಸಿಕ್ಕಿದ್ದು ಮಾಹಿತಿಯ ಕೊರತೆಯಲ್ಲ, ತಪ್ಪು ಇತಿಹಾಸ.

ಅಲೆಮಾರಿ ವಿದ್ಯಾರ್ಥಿ

ನನ್ನ ಶಾಲೆಯ ಪಠ್ಯಪುಸ್ತಕದಲ್ಲಿ ಇದು ನಾಲ್ಕು ಸಾಲಿನಲ್ಲಿತ್ತು: ತಕ್ಷಣದ ಕಾರಣ, ದೂರದ ಕಾರಣಗಳು, ಪರಿಣಾಮಗಳು. ಬಾಯಿಪಾಠ ಮಾಡಿ ಬರೆದು ಬಂದೆವು. ಆ ತಿಂಗಳು ಅಲ್ಲೂ ಇರಲಿಲ್ಲ. ಕೆಟ್ಟ ವಿಡಿಯೊವನ್ನು ಒಳ್ಳೆಯ ಪುಸ್ತಕದ ಜೊತೆ ತೂಗುತ್ತಿದ್ದೀರಿ.

ಹಳೆಯ ಓದುಗ

ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಒಣ ಪಠ್ಯಪುಸ್ತಕ ಓದಿದವನಿಗೆ ತನಗೇನೂ ಗೊತ್ತಾಗಲಿಲ್ಲವೆಂಬುದಾದರೂ ಗೊತ್ತಿರುತ್ತದೆ. ನಗಾರಿ ಕೇಳಿ ಬಂದವನು ಊಟದ ಮೇಜಿನಲ್ಲಿ ಉಪನ್ಯಾಸ ಕೊಡುತ್ತಾನೆ.

ತೆರೆಯ ಹಿಂದೆ

ನಗಾರಿಯ ಆರೋಪ ನನಗೇ ತಗುಲುತ್ತದೆ. ಸಮರ್ಥನೆಯಲ್ಲ, ಕಾರಣ ಹೇಳುತ್ತೇನೆ: "ಈ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ" ಎಂಬ ವಾಕ್ಯಕ್ಕೆ ದೃಶ್ಯ ಜೋಡಿಸುವುದು ಬಹಳ ಕಷ್ಟ. ಕವಾಟಕ್ಕೆ, ವೃತ್ತಕ್ಕೆ ದೃಶ್ಯವಿದೆ. ಸಂದೇಹಕ್ಕೆ ದೃಶ್ಯವಿಲ್ಲ.

ಅಕ್ಷರಗಳ ಆಸರೆ

ಯಾರೂ ಎತ್ತದ ಮಾತೊಂದಿದೆ. ನನಗೆ ಕಿವಿ ಬಹುತೇಕ ಕೇಳುವುದಿಲ್ಲ. ತರಗತಿಯಲ್ಲಿ ಮೇಷ್ಟರ ತುಟಿ ನೋಡಿಯೇ ಪಾಠ ಹಿಡಿಯುತ್ತಿದ್ದೆ. ಅವರು ಹಲಗೆಯ ಕಡೆ ತಿರುಗಿದರೆಂದರೆ ಪಾಠ ನಿಂತಂತೆ, ಗಣಿತದ ಮೇಷ್ಟರು ತಿರುಗಿಯೇ ಇರುತ್ತಿದ್ದರು. ಅಡಿಬರಹವಿರುವ ವಿಡಿಯೊ ಬಂದ ಮೇಲೆಯೇ ಒಂದು ಪಾಠವನ್ನು ಆದಿಯಿಂದ ಅಂತ್ಯದವರೆಗೆ ಪಡೆದದ್ದು. ತರಗತಿಯ ಪರ ವಾದಿಸುವವರು ಅದು ಎಲ್ಲರಿಗೂ ಒಂದೇ ತರಗತಿಯಾಗಿತ್ತು ಎಂದುಕೊಳ್ಳಬೇಡಿ.

ಜೊತೆಗೆ ತಯಾರಕರಿಗೆ ಒಂದು ವಿನಂತಿ: ಯಂತ್ರವೇ ಬರೆದ ಅಡಿಬರಹವನ್ನು ಹಾಗೆಯೇ ಬಿಡಬೇಡಿ. ಸಾಮಾನ್ಯ ಮಾತು ಸರಿಯಾಗಿರುತ್ತದೆ, ಪಾರಿಭಾಷಿಕ ಪದ ಬಂದಲ್ಲಿ ಎಡವುತ್ತದೆ. ಪಾಠದಲ್ಲಿ ಮುಖ್ಯವಾದದ್ದೇ ಆ ಪದ.

ಅಡಿಟಿಪ್ಪಣಿ

ಒಂದು ತೊಡಕು ಹೇಳಬೇಕು. ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳ ಪ್ರಕಾರ, ಚಿತ್ರ ಮತ್ತು ಧ್ವನಿ ಎರಡೂ ಇರುವಾಗ ಅದೇ ಮಾತುಗಳನ್ನು ಪರದೆಯ ಮೇಲೂ ಬರೆದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ.

ಅಕ್ಷರಗಳ ಆಸರೆ

ಧ್ವನಿ ಕೇಳುವವರಿಗೆ. ನನಗೆ "ಅದೇ ಮಾತು" ಮೊದಲ ಸಲ ಸಿಗುವುದೇ ಅಕ್ಷರದಲ್ಲಿ. ಬೇಡವಾದವರು ಅಡಿಬರಹವನ್ನು ತೆಗೆದುಹಾಕುವಂತಿದ್ದರೆ ನಿಮ್ಮ ಪ್ರಯೋಗಕ್ಕೂ ನನಗೂ ಜಗಳವಿಲ್ಲ. ಚಿತ್ರದೊಳಗೇ ಅಚ್ಚೊತ್ತಿಬಿಟ್ಟರೆ ಮಾತ್ರ ಕಷ್ಟ.

ಅಲೆಮಾರಿ ವಿದ್ಯಾರ್ಥಿ

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಹೊಟ್ಟೆಪಾಡಿನ ನಡುವೆ ನನಗೆ ಸಿಗುವುದು ವಿಡಿಯೊ ಮಾತ್ರ. ಸೀಮೆಸುಣ್ಣ ಅವರಂಥವರು ನನ್ನ ನೋಟ್‌ಬುಕ್ ನೋಡಲು ಬರುವುದಿಲ್ಲ. ಆದ್ದರಿಂದ ತಯಾರಕರನ್ನೇ ಕೇಳುತ್ತೇನೆ: "ನಿಲ್ಲಿಸಿ, ಬಿಡಿಸಿ ನೋಡಿ" ಎಂಬ ಆ ವಾಕ್ಯವನ್ನು ವಾಪಸು ಹಾಕಿದರೇನು?

ತೆರೆಯ ಹಿಂದೆ

ಹಾಕಿದರೆ ನಿಲ್ಲಿಸುತ್ತೀರಾ? ನಿಜ ಹೇಳಿ.

ಎರಡುಪಟ್ಟು ವೇಗ

ನಾನಂತೂ ಇಲ್ಲ. ನಡುವೆ ಬಂದರೆ ಹಾರಿಸುತ್ತೇನೆ. ಮೊದಲ ಹತ್ತು ಸೆಕೆಂಡಿನಲ್ಲೇ ಪ್ರಶ್ನೆ ಕೇಳಿ, ಉತ್ತರ ಕೊನೆಯವರೆಗೂ ಹೇಳದಿದ್ದರೆ ಕೂತು ನೋಡುತ್ತೇನೆ. ತಪ್ಪು ಊಹಿಸಿದ್ದರಂತೂ ಖಂಡಿತ ನೋಡುತ್ತೇನೆ, ಏಕೆ ತಪ್ಪೆಂದು ತಿಳಿಯದೆ ನಿದ್ದೆ ಬರುವುದಿಲ್ಲ.

ತೆರೆಯ ಹಿಂದೆ

ಅದು ಗೆರೆಯನ್ನೂ ಬೀಳಿಸುವುದಿಲ್ಲ. ಆದರೆ ಹಾಗೆ ಮಾಡಲು ಜನ ನಿಜವಾಗಿ ಮಾಡುವ ತಪ್ಪು ಉತ್ತರಗಳು ಬೇಕು. ನಾನು ಕುಳಿತಲ್ಲೇ ಕಲ್ಪಿಸಿದ ತಪ್ಪುಗಳು ಬಹಳ ಪೆದ್ದಾಗಿರುತ್ತವೆ, ಯಾರೂ ಅವಕ್ಕೆ ಸಿಕ್ಕಿಬೀಳುವುದಿಲ್ಲ.

ಸೀಮೆಸುಣ್ಣ

ತಪ್ಪು ಉತ್ತರಗಳಿಗೆ ನನ್ನಲ್ಲಿ ಬರಗಾಲವಿಲ್ಲ, ಹೆಸರು ಮುಚ್ಚಿ ಎಷ್ಟು ಬೇಕಾದರೂ ಕೊಡುತ್ತೇನೆ. ಋತುಗಳಿಂದ ಶುರು ಮಾಡಬೇಡಿ, ಅದನ್ನು ಎಲ್ಲರೂ ಮಾಡಿದ್ದಾರೆ. "ದೊಡ್ಡ ಮರದ ತೂಕ ಎಲ್ಲಿಂದ ಬಂತು?" ಎಂದು ಕೇಳಿ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ಮಕ್ಕಳೂ "ಮಣ್ಣಿನಿಂದ" ಎನ್ನುತ್ತಾರೆ.

ಅದಕ್ಕೆ ಒಳ್ಳೆಯ ಕಥೆಯೂ ಇದೆ. ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು ಎರಡು ಕಿಲೋ ತೂಕದ ವಿಲ್ಲೊ ಗಿಡವೊಂದನ್ನು ತೂಗಿದ ಮಣ್ಣಿನಲ್ಲಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಮರ ಎಪ್ಪತ್ತೈದು ಕಿಲೋ ದಾಟಿತು, ಮಣ್ಣು ಕಳೆದುಕೊಂಡದ್ದು ಅರವತ್ತು ಗ್ರಾಂಗೂ ಕಡಿಮೆ. ಅವನ ಮರಣದ ನಂತರ, 1648ರಲ್ಲಿ ಇದು ಅಚ್ಚಾಯಿತು. ಮಣ್ಣಲ್ಲ ಎಂದು ತೋರಿಸಿಕೊಟ್ಟ. ಹಾಗಾದರೆ ಎಲ್ಲವೂ ನೀರೇ ಎಂದು ತೀರ್ಮಾನಿಸಿದ, ಅದೂ ತಪ್ಪು! ಮರದ ಒಣ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು. ಎರಡು ತಪ್ಪುಗಳನ್ನು ದಾಟಿ ಉತ್ತರಕ್ಕೆ ಹೋಗಬೇಕು.

ತೆರೆಯ ಹಿಂದೆ

ಎರಡು ತಪ್ಪು ದಾಟಲು ಆರು ನಿಮಿಷ ಸಾಲದು. ಹತ್ತಾದರೂ ಬೇಕು.

ಎರಡುಪಟ್ಟು ವೇಗ

ನನಗೆ ಐದು.

ಹಳೆಯ ಓದುಗ

ಆ ಹತ್ತರಲ್ಲಿ ನಗಾರಿ ಬೇಡ. ಇದು ಚೆನ್ನಾಗಿ ಬಂದರೆ ಜುಲೈ ತಿಂಗಳ ತಪ್ಪು ಉತ್ತರಗಳನ್ನು ನಾನು ಬರೆದುಕೊಡುತ್ತೇನೆ.